ಮೇಲಿನ ಸಾಲು

ಹಠದಲ್ಲಿ ನಾನು ಅಪ್ಪನ ಮಗಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬುದ್ಧಿ ನೆಟ್ಟಗಿರುವ ಇಬ್ಬರು ಮನುಷ್ಯರು, ನಡುವೆ ಒಂದು ನೇತ್ರಾವತಿ ಸೇತುವೆ ಮಾತ್ರ ಇರುವಾಗ, ಎರಡು ವರ್ಷ ನಾಲ್ಕು ತಿಂಗಳು ಪರಸ್ಪರ ಮುಖ ನೋಡದೆ ಹೇಗಿದ್ದರು ಎಂದು ನೀವು ಕೇಳುತ್ತೀರಿ.

ಮುಖೇಶನನ್ನು ರಿಜಿಸ್ಟರ್ ಮದುವೆಯಾಗಲು ನಾನು ಉರ್ವದ ಮನೆಯಿಂದ ಹೊರಟ ದಿನ ಅಪ್ಪ ಜಗಲಿಯ ಮೇಲೆ ನಿಂತು ಎರಡೇ ಮಾತು ಹೇಳಿದರು. "ಇನ್ನು ನಿನ್ನ ಹತ್ತಿರ ನಾನು ಮಾತಾಡುವುದಿಲ್ಲ. ನಾನಾಗಿ ಕರೆಯುವವರೆಗೆ ಈ ಮೆಟ್ಟಿಲು ಹತ್ತಬೇಡ."

ನಾನಾದರೂ ಸುಮ್ಮನಿರಬಹುದಿತ್ತು. "ಕರೆಯದೆ ಬರುವುದೂ ಇಲ್ಲ," ಎಂದೆ. ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಣ್ಣ ವಿಷ್ಣುಪ್ರಸಾದ ರಿಕ್ಷಾದಲ್ಲಿ ನನ್ನ ಚೀಲ ಇಟ್ಟ, ಆದರೆ ನನ್ನ ಕಡೆ ನೋಡಲಿಲ್ಲ. ಮುಖೇಶನ ಮನೆ ಹೊಳೆಯ ಆಚೆ ಉಳ್ಳಾಲದಲ್ಲಿ. ಅವನ ತಂದೆಗೆ ದೋಣಿ, ಅವನಿಗೆ ದೋಣಿಯ ಇಂಜಿನ್ ರಿಪೇರಿ ಅಂಗಡಿ. ನಮ್ಮದು ಪೂಜೆಯ ಮನೆತನ. ಇದಕ್ಕಿಂತ ಹೆಚ್ಚಿನ ವಿವರಣೆ ನಮ್ಮ ಊರಿನಲ್ಲಿ ಯಾರಿಗೂ ಬೇಕಾಗುವುದಿಲ್ಲ.

ಅಪ್ಪ ಊರಿಗೆಲ್ಲ ಹರಿದಾಸ ಮಾಸ್ಟ್ರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವರು. ಈಗ ನಿವೃತ್ತರಾಗಿ ಬೆಳಿಗ್ಗೆ ಬೀದಿಯ ತುದಿಯ ದೇವಸ್ಥಾನದಲ್ಲಿ ಪೂಜೆ ಮಾಡುತ್ತಾರೆ. ಒಮ್ಮೆ ಆಡಿದ ಮಾತನ್ನು ಅಕ್ಷರ ಬಿಡದೆ ಪಾಲಿಸುತ್ತಾರೆ, ಆದರೆ ಅಕ್ಷರಕ್ಕಿಂತ ಆಚೆ ಒಂದಿಂಚೂ ಪಾಲಿಸುವುದಿಲ್ಲ. ಒಂದು ವರ್ಷ ಚಹಾ ಕುಡಿಯುವುದಿಲ್ಲ ಎಂದು ಶಪಥ ಮಾಡಿದರು. ಆ ವರ್ಷವಿಡೀ ಚಹಾದಲ್ಲಿ ದೋಸೆ ಅದ್ದಿ ತಿಂದರು. ಕೇಳಿದರೆ, ತಿನ್ನುವುದು ಬೇರೆ, ಕುಡಿಯುವುದು ಬೇರೆ ಎಂದು ನಮಗೇ ಪಾಠ.

ನನ್ನ ಕೆಲಸ ವೆಬ್‌ಸೈಟ್ ಕಟ್ಟುವುದು. ಹಲ್ಲಿನ ಡಾಕ್ಟರು, ಬೇಕರಿ, ಕ್ಯಾಟರಿಂಗಿನವರು, ಹೀಗೆ ಸಣ್ಣಪುಟ್ಟ ಗಿರಾಕಿಗಳು. ಮನೆಯಲ್ಲೇ ಕುಳಿತು ಮಾಡುತ್ತೇನೆ. ಅಪ್ಪ ನಿವೃತ್ತರಾದ ವರ್ಷ ಅವರಿಗೂ ಒಂದು ಕಟ್ಟಿಕೊಟ್ಟೆ. ಹೆಸರು 'ನಿತ್ಯ ಟಿಪ್ಪಣಿ'. ನಾಳೆಯ ತಿಥಿ, ನಕ್ಷತ್ರ, ಅದಕ್ಕೆ ಸಂಬಂಧಪಟ್ಟ ಒಂದು ಸಂಗತಿ, ಅಷ್ಟೇ. ಮಸ್ಕತ್ತಿನಲ್ಲೋ ದುಬೈಯಲ್ಲೋ ಇರುವವರು ಏಕಾದಶಿ ಯಾವಾಗ, ಶ್ರಾದ್ಧ ಯಾವಾಗ ಎಂದು ಅದರಲ್ಲಿ ನೋಡಿಕೊಳ್ಳುತ್ತಿದ್ದರು. ಅಪ್ಪ ದಿನವೂ ಪೂಜೆ ಮುಗಿಸಿ ಬಂದು ಹತ್ತೂವರೆಗೆ ಬರೆಯಲು ಕೂರುತ್ತಾರೆ. ಬರೆದು 'ಪರಿಶೀಲನೆಗೆ ಕಳುಹಿಸು' ಎಂಬ ಗುಂಡಿ ಒತ್ತುತ್ತಾರೆ. ಒತ್ತಿದ ಕೂಡಲೇ ಆ ಪುಟ ಮುಚ್ಚಿಕೊಳ್ಳುತ್ತದೆ. ಅವರು ಕಂಪ್ಯೂಟರಿನ ಮೇಲೆ ಮೈ ಒರೆಸುವ ಹಳೆಯ ಬೈರಾಸು ಹೊದೆಸಿ ಏಳುತ್ತಾರೆ. ಬರಹ ನನ್ನಲ್ಲಿಗೆ ಬರುತ್ತದೆ. ನಾನು ತಪ್ಪು ತಿದ್ದಿ, ಚಿತ್ರ ಹಾಕಿ, ಮರುದಿನ ಬೆಳಿಗ್ಗೆ ಆರಕ್ಕೆ ಪ್ರಕಟವಾಗುವಂತೆ ಇಡುತ್ತೇನೆ. ಬರೆದವನೇ ತನ್ನ ತಪ್ಪು ತಿದ್ದಬಾರದು, ಕಣ್ಣಿಗೆ ಕಾಣುವುದಿಲ್ಲ, ಇನ್ನೊಬ್ಬರು ನೋಡಬೇಕು ಎಂದು ಈ ಏರ್ಪಾಡು ಮಾಡಿದ್ದು ಅಪ್ಪನೇ.

ನಾನು ಮನೆ ಬಿಟ್ಟ ಮರುದಿನ ಉಳ್ಳಾಲದಲ್ಲಿ ಹೊಸ ಮನೆ, ಹೊಸ ಜನ. ಹತ್ತು ಗಂಟೆಯಿಂದ ನನಗೆ ಬೇರೆ ಯಾವ ಕೆಲಸವೂ ಮಾಡಲಾಗಲಿಲ್ಲ. ಇನ್ನು ಬರುತ್ತದೋ, ಇಲ್ಲವೋ? ಮಗಳೇ ಬೇಡವಾದ ಮೇಲೆ ಮಗಳು ಕಟ್ಟಿದ ವೆಬ್‌ಸೈಟ್ ಯಾಕೆ ಬೇಕು? ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಟಿಪ್ಪಣಿ ಬಂತು. ನಾನು ಅಡುಗೆಮನೆಯ ಹಿಂದೆ ಹೋಗಿ ಅತ್ತು, ಮುಖ ತೊಳೆದು, ಬಂದು ತಪ್ಪು ತಿದ್ದಿದೆ. ಅಪ್ಪ ಮಾತು ಬಿಟ್ಟಿದ್ದರು. ಬರೆಯುವುದನ್ನು ಬಿಟ್ಟಿರಲಿಲ್ಲ.

ಆದರೆ ಅಪ್ಪನ ಬರಹದಲ್ಲಿ ಒಂದು ತಲೆನೋವು ಮೊದಲಿನಿಂದಲೂ ಇತ್ತು. ಅವರು ಕಾಗದದ ಕಾಲದ ಮನುಷ್ಯ. ಏನೇ ಬರೆದರೂ ಮೇಲೆ 'ಶ್ರೀಃ' ಎಂದು ಬರೆಯಬೇಕು. ಅದರ ಪಕ್ಕ ಊರು, ತಾರೀಕು. ಚೌತಿಯ ದಿನವಾದರೆ ಗಣಪತಿಗೊಂದು ನಮಸ್ಕಾರ, ನವಮಿಯಾದರೆ ರಾಮನಿಗೆ. ಆಮೇಲೆ ಒಂದು ಸಾಲು ಖಾಲಿ ಬಿಟ್ಟು ವಿಷಯ ಶುರು. ಪ್ರಕಟವಾದ ಟಿಪ್ಪಣಿ ವಾಟ್ಸಾಪಿನಲ್ಲಿ ಹೋಗುವಾಗ ಮೇಲಿನ ಎರಡು ಸಾಲು ಮಾತ್ರ ಕಾಣುವುದು. ಮೊದಮೊದಲು ನಾನೂರು ಜನರಿಗೆ ದಿನವೂ 'ಶ್ರೀಃ, ಉರ್ವ' ಎಂದಷ್ಟೇ ಕಂಡು, ಏಕಾದಶಿ ಯಾವಾಗ ಅಂತ ತಿಳಿಯದೆ, ಅವರು ನನ್ನನ್ನು ಬೈಯುತ್ತಿದ್ದರು. ಮೇಲೆ ಬರೆಯಬೇಡಿ ಎಂದು ಅಪ್ಪನಿಗೆ ಎಷ್ಟೋ ಸಲ ಹೇಳಿದ್ದೆ. "ತಲೆಯಿಲ್ಲದ ಕಾಗದ ನಾನು ಬರೆಯುವುದಿಲ್ಲ," ಎಂದಿದ್ದರು. ಹಾಗಾಗಿ ದಿನವೂ ಅದನ್ನು ನಾನೇ ಕೈಯಾರೆ ಅಳಿಸುತ್ತಿದ್ದೆ.

ಮದುವೆಯಾಗಿ ಆರನೆಯ ದಿನ, ಸೋಮವಾರ, ಟಿಪ್ಪಣಿ ತೆರೆದಾಗ ಮೊದಲು ಕಂಡದ್ದು ಆ ತಲೆಬರಹವೇ. 'ಶ್ರೀಃ. ಉರ್ವ.' ನನಗೆ ಇದ್ದಕ್ಕಿದ್ದಂತೆ ಕೋಪ ಉಕ್ಕಿ ಬಂತು. ಮಗಳು ಹೋಗಿ ಆರು ದಿನವಾದರೂ ಈ ಮನುಷ್ಯನಿಗೆ ದೇವರೂ ತಾರೀಕೂ ಒಂದಿಷ್ಟೂ ತಪ್ಪುವುದಿಲ್ಲವಲ್ಲ! 'ಉರ್ವ' ಎಂಬ ಎರಡಕ್ಷರವನ್ನು ದಿನವೂ ನೋಡಿ ದಿನವೂ ನನ್ನ ಕೈಯಿಂದಲೇ ಅಳಿಸುವ ಕೆಲಸ ನನ್ನಿಂದ ಇನ್ನು ಆಗುವುದಿಲ್ಲ ಅನ್ನಿಸಿತು. ಅವತ್ತೇ ಒಂದು ಹುಕ್ ಬರೆದೆ.

ಹುಕ್ ಎಂದರೇನೆಂದು ಹೇಳಬೇಕು. ದೇವಸ್ಥಾನದ ಪೂಜೆಗೆ ಒಂದು ಕ್ರಮ ಇರುತ್ತದಲ್ಲ, ಅಭಿಷೇಕ, ಅಲಂಕಾರ, ನೈವೇದ್ಯ, ಮಂಗಳಾರತಿ ಎಂದು. ಆ ಕ್ರಮವನ್ನು ಯಾರೂ ಮುಟ್ಟುವಂತಿಲ್ಲ. ಆದರೆ ನಡುನಡುವೆ ಜಾಗ ಬಿಟ್ಟಿರುತ್ತಾರೆ. ಅಲಂಕಾರದ ಹೊತ್ತಿಗೆ ಯಾರದ್ದೋ ಹೂವಿನ ಪೂಜೆ, ನೈವೇದ್ಯದ ಹೊತ್ತಿಗೆ ಇನ್ಯಾರದ್ದೋ ಅಪ್ಪಕಜ್ಜಾಯದ ಸೇವೆ ಅಲ್ಲಿ ಸೇರಿಕೊಳ್ಳುತ್ತದೆ. ವೆಬ್‌ಸೈಟ್ ನಡೆಸುವ ತಂತ್ರಾಂಶವೂ ಹಾಗೆಯೇ. ಅದರ ಮೂಲಕ್ಕೆ ಕೈ ಹಾಕಬಾರದು. ಆದರೆ ಬರಹವನ್ನು ಉಳಿಸಿಕೊಳ್ಳುವ ಮೊದಲು, ಉಳಿಸಿದ ಮೇಲೆ, ಪ್ರಕಟಿಸುವಾಗ, ಹೀಗೆ ಕೆಲವು ಗಳಿಗೆಗಳಲ್ಲಿ ಅದು ಸ್ವಲ್ಪ ನಿಂತು, ಯಾರಿಗಾದರೂ ಏನಾದರೂ ಮಾಡಲಿಕ್ಕಿದೆಯೇ ಎಂದು ಕೇಳುತ್ತದೆ. ಆ ಗಳಿಗೆಗೆ ನಮ್ಮ ನಾಲ್ಕು ಸಾಲು ಕೋಡ್ ಸಿಕ್ಕಿಸಿಬಿಟ್ಟರೆ ಮುಗಿಯಿತು. ಮತ್ತೆ ನಾವು ಅತ್ತ ತಿರುಗಿ ನೋಡಬೇಕಿಲ್ಲ.

ನಾನು ಸಿಕ್ಕಿಸಿದ್ದು ಉಳಿಸಿಕೊಳ್ಳುವ ಮೊದಲಿನ ಗಳಿಗೆಗೆ. ಅಪ್ಪ ಗುಂಡಿ ಒತ್ತಿದ ಕೂಡಲೇ, ಬರಹ ಒಳಗೆ ಸೇರುವ ಮೊದಲೇ, ಮೊದಲ ಖಾಲಿ ಸಾಲಿನಿಂದ ಮೇಲೆ ಏನಿದ್ದರೂ ಕತ್ತರಿಸಿ ಬಿಸಾಡು. 'ಶ್ರೀಃ' ಎಂಬುದನ್ನು ಮಾತ್ರ ತೆಗೆ ಎನ್ನಬಹುದಿತ್ತು. ಆದರೆ ಅಪ್ಪ ದಿನಕ್ಕೊಂದು ದೇವರ ಹೆಸರು ಬರೆಯುವವರು, ಲೆಕ್ಕ ಇಡುವವರು ಯಾರು? ಏನಿದ್ದರೂ ತೆಗೆ ಎಂದೆ. ತೆಗೆದದ್ದನ್ನು ಬೇರೆ ಕಡೆ ಇಟ್ಟುಕೊಳ್ಳುವವರೂ ಇದ್ದಾರೆ, ಜಾಗ್ರತೆಯ ಜನ. ನಾನು ಇಡಲಿಲ್ಲ. ಮರುದಿನದಿಂದ ಟಿಪ್ಪಣಿ ನನ್ನಲ್ಲಿಗೆ ಬರುವಾಗ ನೇರ ತಿಥಿಯಿಂದಲೇ ಶುರುವಾಗುತ್ತಿತ್ತು. ಓದುಗರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ನಾನು ಮುಖೇಶನ ಹತ್ತಿರ ನನ್ನ ಜಾಣತನ ಹೇಳಿಕೊಂಡೆ.

ಆಮೇಲೆ ಇನ್ನೂ ಎಷ್ಟೋ ಹುಕ್ ಬರೆದೆ. ಅಪ್ಪನಿಗೆ ಏನು ಬೇಕಾದರೂ ಅಣ್ಣನ ವಾಟ್ಸಾಪಿನ ಮೂಲಕ ಬರುತ್ತಿತ್ತು. "ಅಪ್ಪ ಹೇಳ್ತಾರೆ, ಅಂಕಿಗಳು ಕನ್ನಡದಲ್ಲೇ ಬರಬೇಕಂತೆ." ಅದಕ್ಕೊಂದು ಹುಕ್. "ಅಪ್ಪ ಹೇಳ್ತಾರೆ, ಅಕ್ಷರ ಸಣ್ಣ ಆಯ್ತಂತೆ." ಅದಕ್ಕೊಂದು. ಏಕಾದಶಿಯ ಹಿಂದಿನ ದಿನ ಟಿಪ್ಪಣಿಯ ಬದಿಯಲ್ಲಿ ಒಂದು ಹಸಿರು ಗೆರೆ ತಾನಾಗಿ ಬರುವಂತೆ ಮಾಡಿದೆ. ಅದನ್ನು ಯಾರೂ ಕೇಳಿರಲಿಲ್ಲ. ಬೇರೆ ಹೆಣ್ಣುಮಕ್ಕಳು ತವರಿಗೆ ಹೋದಾಗ ಅಪ್ಪನಿಗೆ ಮೈಸೂರುಪಾಕು ಒಯ್ಯುತ್ತಾರೆ, ಕನ್ನಡಕ ಒರೆಸಿಕೊಡುತ್ತಾರೆ. ನನಗೆ ಮಾಡಲು ಉಳಿದದ್ದು ಇಷ್ಟೇ. ನಾನು ಅದನ್ನೇ ಮಾಡಿದೆ, ಪ್ರೀತಿಯಿಂದ ಮಾಡಿದೆ, ಬೇಡದಷ್ಟು ಮಾಡಿದೆ.

ಅಮ್ಮ ಪ್ರತಿ ಗುರುವಾರ ಬೆಳಿಗ್ಗೆ, ಅಪ್ಪ ದೇವಸ್ಥಾನದಲ್ಲಿರುವಾಗ, ಫೋನ್ ಮಾಡುತ್ತಿದ್ದಳು. "ಎಂತ ಅಡಿಗೆ?" ಎಂದು ಕೇಳುತ್ತಿದ್ದಳು. ಮೀನಿನ ಮನೆಯಲ್ಲಿ ನನಗೆ ಬೇರೆ ಪಾತ್ರೆ ಇದೆಯೋ ಇಲ್ಲವೋ ಎಂಬುದನ್ನು ಕೇಳದೆ ಕೇಳುತ್ತಿದ್ದಳು. ಬಾ ಎಂದು ಮಾತ್ರ ಅವಳು ಹೇಳುವಂತಿರಲಿಲ್ಲ. "ಅಪ್ಪ ಎಂತಾದ್ರೂ ಹೇಳ್ತಾರಾ ಅಮ್ಮಾ?" ಎಂದು ನಾನು ಕೊನೆಗೆ ಕೇಳಿಯೇ ಕೇಳುತ್ತಿದ್ದೆ. "ಎಂತದ್ದೂ ಇಲ್ಲ ಮಗಾ," ಎನ್ನುತ್ತಿದ್ದಳು.

ತಿಂಗಳಿಗೊಮ್ಮೆಯಾದರೂ ನಾನು ನಲವತ್ನಾಲ್ಕು ನಂಬರಿನ ಬಸ್ಸು ಹಿಡಿದು ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಉರ್ವ ಮಾರುಕಟ್ಟೆಗೆ ಹೋಗುತ್ತಿದ್ದೆ. ಅರ್ಧ ಕಿಲೋ ಮಟ್ಟುಗುಳ್ಳ ಬದನೆಗೆ. ಉಳ್ಳಾಲದಲ್ಲಿ ಗುಳ್ಳ ಸಿಗುವುದಿಲ್ಲವೇ ಎಂದು ಮುಖೇಶ ಒಮ್ಮೆಯೂ ಕೇಳಲಿಲ್ಲ, ಅದು ಅವನ ದೊಡ್ಡತನ. ತರಕಾರಿಯ ಮೂಲೆಯಲ್ಲಿ ನಿಂತರೆ ನಮ್ಮ ಬೀದಿಯ ಬಾಯಿ ಕಾಣುತ್ತದೆ. ಮನೆ ಕಾಣುವುದಿಲ್ಲ. ಬೀದಿಯ ಬಾಯಿಯನ್ನು ನೋಡಿಕೊಂಡು ಬರುತ್ತಿದ್ದೆ. ಒಂದು ಸಲ ಅಪ್ಪ ಕೊಡೆ ಹಿಡಿದು ಬರುವುದು ಕಂಡಿತು. ನಾನು ಈರುಳ್ಳಿ ಮೂಟೆಗಳ ಹಿಂದೆ ಸರಿದು ನಿಂತೆ. ಸಪೂರವಾಗಿದ್ದರು. ಕೂಗಿ ಕರೆಯಬೇಕೆಂದು ಗಂಟಲಿನವರೆಗೆ ಬಂತು. ಆದರೆ ಕರೆಯಬೇಕಾದವರು ಅವರು.

ಈ ವರ್ಷ ಶ್ರಾವಣ ಕಳೆದ ಮೇಲೆ ಅಮ್ಮನ ಗುರುವಾರದ ಫೋನ್ ನಿಂತುಹೋಯಿತು. ಒಂದು ಗುರುವಾರ ಬರಲಿಲ್ಲ. ಎರಡನೆಯದ್ದೂ ಇಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ಅಣ್ಣನಿಗೆ ಮೆಸೇಜ್ ಹಾಕಿದರೆ, "ಇದ್ದಾಳೆ" ಎಂದು ಒಂದೇ ಮಾತಿನ ಉತ್ತರ. ಅಪ್ಪನ ಟಿಪ್ಪಣಿ ಮಾತ್ರ ತಪ್ಪದೆ ಬರುತ್ತಿತ್ತು. ಮೂರನೆಯ ಗುರುವಾರವೂ ಹಾಗೇ ಕಳೆದಾಗ ನಾನು ಶುಕ್ರವಾರವೇ ಬಸ್ಸು ಹಿಡಿದೆ.

ಮಾರುಕಟ್ಟೆಯ ಎದುರು ಅಣ್ಣ ಸ್ಕೂಟರ್ ನಿಲ್ಲಿಸಿ ತೆಂಗಿನಕಾಯಿ ಆರಿಸುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನು ನೋಡಿದ, ಮತ್ತೆ ತೆಂಗಿನಕಾಯಿ ಅಲ್ಲಾಡಿಸಿ ಕಿವಿಗೆ ಹಿಡಿದ.

"ಅಮ್ಮನಿಗೆ ಎಂತಾಗಿದೆ ಅಣ್ಣಾ? ಫೋನ್ ಎತ್ತುವುದಿಲ್ಲ."

"ಓ, ಈಗ ನೆನಪಾಯ್ತಾ?" ಎಂದ. "ಕಣ್ಣಿನ ಆಪರೇಷನ್ ಆಗಿ ಮೂರು ವಾರ ಆಯ್ತು ಮಾರಾಯ್ತಿ. ಎರಡೇ ದಿನದಲ್ಲಿ ನಿಶ್ಚಯ ಆದದ್ದು."

"ನನಗೆ ಯಾರೂ ಹೇಳಲಿಲ್ಲ."

"ಯಾರೂ ಹೇಳಲಿಲ್ಲವಾ? ಅಪ್ಪ ಬರೆದಿದ್ರಲ್ಲ. ತಾರೀಕು, ಆಸ್ಪತ್ರೆ, ಹೊತ್ತು ಎಲ್ಲ ಬರೆದು, ಬಾ ಅಂತ ಕರೆದಿದ್ರಲ್ಲ!"

"ಎಲ್ಲಿ ಬರೆದಿದ್ರು?"

"ಮತ್ತೆಲ್ಲಿ? ಟಿಪ್ಪಣಿಯ ಮೇಲೆ. ದಿನಾ ನೀನೇ ಅಲ್ವಾ ಅದನ್ನು ಮೊದಲು ಓದುವುದು?" ಅಣ್ಣನ ಸ್ವರ ಏರಿತು. ಕಾಯಿಯವನು ನಮ್ಮನ್ನೇ ನೋಡುತ್ತಿದ್ದ. "ಆಸ್ಪತ್ರೆಯಲ್ಲಿ ಅಮ್ಮ ನಿನ್ನನ್ನು ಕೇಳಿದ್ಳು. ಆವಾಗ ಅಪ್ಪ ಬಾಯಿ ಬಿಟ್ಟದ್ದು. 'ನಾನು ಕರೆದಿದ್ದೇನೆ, ಮೊದಲೂ ಕರೆದಿದ್ದೆ, ಅವಳು ಓದಿ ಆ ಸಾಲನ್ನು ಅಳಿಸಿ ಬಾಕಿದ್ದನ್ನು ಹಾಕ್ತಾಳೆ, ಅವಳಿಗೆ ಬರಲಿಕ್ಕೆ ಮನಸ್ಸಿಲ್ಲ' ಅಂತ. ಅಲ್ಲಿವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಂದು ಕಣ್ಣಲ್ಲಿ ಅತ್ತದ್ದು ನಾನು ನೋಡಿದ್ದೇನೆ. ಇನ್ನು ಎಷ್ಟು ಸಲ ಕರೆಯಬೇಕು ನಿನ್ನನ್ನು?"

"ಅಣ್ಣಾ, ದೇವರಾಣೆ, ನಾನು ಓದಲಿಲ್ಲ. ಅದು... ಅದು ಕತ್ತರಿಸಿ ಹೋಗ್ತದೆ. ನಾನು ಒಂದು..."

"ಕತೆ ಬೇಡ. ಹೇಳುವುದಿದ್ರೆ ಅವರಿಗೆ ಹೇಳು." ಕಾಯಿ ಚೀಲಕ್ಕೆ ಹಾಕಿ ಸ್ಕೂಟರ್ ಹತ್ತಿ ಹೋದ.

ಬಸ್ಸಿನಲ್ಲಿ ನನಗೆ ಏನೂ ಕಾಣಲಿಲ್ಲ, ಕೇಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚದೆ ಲ್ಯಾಪ್‌ಟಾಪ್ ತೆರೆದೆ. ಅಪ್ಪನ ಲಾಗಿನ್‌ನಲ್ಲಿ ಒಂದು ಹೊಸ ಬರಹ ಶುರು ಮಾಡಿದೆ. ಮೇಲೆ 'ಶ್ರೀಃ' ಎಂದು ಟೈಪ್ ಮಾಡಿದೆ. ಅದರ ಮುಂದೆ ಏನು ಬರೆಯುವುದು ಎಂದು ಕೈ ನಿಂತಿತು. ಆಮೇಲೆ 'ಅನಘ, ಮನೆಗೆ ಬಾ' ಎಂದು ಬರೆದೆ. ಒಂದು ಸಾಲು ಖಾಲಿ ಬಿಟ್ಟೆ. ಕೆಳಗೆ 'ನಾಳೆ ತದಿಗೆ' ಎಂದು ಹಾಕಿ, ಗುಂಡಿ ಒತ್ತಿದೆ.

ನನ್ನ ಪಟ್ಟಿಯಲ್ಲಿ ಬಂದದ್ದು 'ನಾಳೆ ತದಿಗೆ' ಮಾತ್ರ.

ಮತ್ತೊಮ್ಮೆ ಮಾಡಿದೆ, ಮತ್ತೊಮ್ಮೆ. ಹುಕ್ ಒಂದು ಸಲವೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೆ. ಹಳೆಯ ಬ್ಯಾಕಪ್‌ಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದೆ, ಎಂಟುನೂರು ಟಿಪ್ಪಣಿಗಳು, ಎಲ್ಲವೂ ತಲೆ ಕತ್ತರಿಸಿಕೊಂಡೇ ಒಳಗೆ ಹೋಗಿದ್ದವು. ಉಳಿಸುವ ಮೊದಲೇ ತೆಗೆದದ್ದು ಎಲ್ಲಿಯೂ ಉಳಿದಿರುವುದಿಲ್ಲ, ಇದನ್ನು ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಅಪ್ಪ ಯಾವ ಯಾವ ದಿನ ಬರೆದರು, ಎಷ್ಟು ಸಲ ಬರೆದರು, ಏನೆಂದು ಬರೆದರು, ಒಂದಕ್ಷರವೂ ಇಲ್ಲ.

ಅಪ್ಪನನ್ನು ನಾನು ಬಲ್ಲೆ. ಮಾತಾಡುವುದಿಲ್ಲ ಎಂದಿದ್ದರು, ಬರೆಯುವುದಿಲ್ಲ ಎಂದಿರಲಿಲ್ಲ. ಅಣ್ಣನ ಮೂಲಕ ಹೇಳಿಕಳಿಸಿದರೆ ಅವರ ಗತ್ತಿಗೆ ಕಡಿಮೆ. ಮೊದಲು ನನ್ನ ಕಣ್ಣಿಗೇ ಬೀಳುವ ಜಾಗ, ಬೇರೆ ಯಾರೂ ನೋಡುವ ಮೊದಲು ನಾನೇ ಅಳಿಸಿಬಿಡಬಹುದಾದ ಜಾಗ ಅದೊಂದೇ. ಅದಕ್ಕೇ ಅಲ್ಲಿ ಬರೆದರು. ಮರುದಿನ ನೋಡಿದರೆ ಸಾಲು ಇಲ್ಲ, ಟಿಪ್ಪಣಿ ಇದೆ, ತಪ್ಪು ತಿದ್ದಿದೆ, ಚಿತ್ರ ಹಾಕಿದೆ. ಓದಿದ್ದಾಳೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಸಂಜೆ ಮುಖೇಶ ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡ. "ಈಗಲೇ ಹೋಗುವ. ಏಳು," ಎಂದ.

"ಇಲ್ಲ," ಎಂದೆ. ಎಂತಹ ಹೆಣ್ಣು ನಾನು ನೋಡಿ! "ಹುಕ್ ತೆಗೆದಿದ್ದೇನೆ. ಇನ್ನೊಂದು ಸಲ ಬರೀತಾರೆ. ಅದನ್ನು ಓದಿಯೇ ಹೋಗ್ತೇನೆ." ಅವರು ಕರೆದ ಮಾತನ್ನು ಒಮ್ಮೆಯಾದರೂ ಕಣ್ಣಾರೆ ಓದಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

"ನಿನ್ನ ಇಷ್ಟ," ಎಂದ ಮುಖೇಶ, ಇಷ್ಟವಿಲ್ಲದವನ ಸ್ವರದಲ್ಲಿ.

ಶನಿವಾರ ಹತ್ತೂವರೆಗೆ ಕಣ್ಣು ಮಿಟುಕಿಸದೆ ಕೂತಿದ್ದೆ. ಟಿಪ್ಪಣಿ ಬಂತು. ಮೇಲೆ 'ಶ್ರೀಃ. ಉರ್ವ.' ಮತ್ತು ತಾರೀಕು. ಎರಡು ವರ್ಷಗಳ ಮೇಲೆ ಆ ಅಕ್ಷರಗಳನ್ನು ಕಂಡು ಕಣ್ಣು ತುಂಬಿತು. ಅದರ ಕೆಳಗೆ ಖಾಲಿ ಸಾಲು, ಆಮೇಲೆ ಚೌತಿ. ಭಾನುವಾರವೂ ಅಷ್ಟೇ. ಸೋಮವಾರ, ಮಂಗಳವಾರ ಸಹ. ದೇವರು, ಊರು, ತಾರೀಕು. ನನ್ನ ಹೆಸರಿಲ್ಲ. ಅಪ್ಪ ಬರೆಯುವುದನ್ನು ಬಿಟ್ಟಿದ್ದರು. ನಾನು ಕಿವಿ ತೆರೆದು ಕೂತ ಹೊತ್ತಿಗೆ ಅವರು ಕೂಗಿ ಸುಸ್ತಾಗಿದ್ದರು. ಮಂಗಳವಾರ ಮಧ್ಯಾಹ್ನ ನನಗೆ ನನ್ನ ಹಠದ ಮೇಲೆಯೇ ಹೇಸಿಗೆಯಾಯಿತು. ಕರೆದಾಗಿದೆ. ಇನ್ನು ಯಾವ ಕರೆಗೆ ಕಾಯುತ್ತಿದ್ದೆ ನಾನು?

ಬುಧವಾರ ಬೆಳಿಗ್ಗೆ ಮುಖೇಶ ಬೈಕಿನಲ್ಲಿ ಕರೆದುಕೊಂಡು ಹೋದ. "ನಾನು ಮಾರ್ಕೆಟಿನ ಹತ್ತಿರ ಇರ್ತೇನೆ. ನೀನು ಹೋಗು," ಎಂದ. ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಬೀದಿಯಲ್ಲಿ ನಡೆದೆ. ಆ ಹುಕ್ಕನ್ನು ಸಾಕ್ಷಿಗೆ ಬೇಕೆಂದು ಪುನಃ ಹಾಕಿಕೊಂಡು ಹೋಗಿದ್ದೆ.

ಅಪ್ಪ ಜಗಲಿಯಲ್ಲೇ, ಕಂಪ್ಯೂಟರಿನ ಎದುರು, ಬೈರಾಸು ತೆಗೆದು ಮಡಚುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು. ಒಂದು ಕ್ಷಣ ಎದ್ದೇಬಿಡುತ್ತಾರೆ ಅನ್ನಿಸಿತು. ಏಳಲಿಲ್ಲ. ಒಳಗೆ ಮುಖ ಮಾಡಿ, "ಮುಕ್ತಾ, ಯಾರೋ ಬಂದಿದ್ದಾರೆ, ನೋಡು," ಎಂದರು.

ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ಬಂದಳು. "ಅನಘ!" ಎಂದಳು. ಆಮೇಲೆ ಅವಳಿಗೂ ಸಿಟ್ಟು ನೆನಪಾಯಿತು, ಬಾಗಿಲಲ್ಲೇ ನಿಂತಳು.

ನಾನು ಕೆಳಗಿನ ಮೆಟ್ಟಿಲ ಹತ್ತಿರ ಬಿಸಿಲಿನಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಮೇಲಿನ ಸಾಲುಗಳನ್ನು ನಾನು ಅಳಿಸಿಲ್ಲ, ನನ್ನ ಹತ್ತಿರ ಅವು ಬರಲೇ ಇಲ್ಲ, ಬರುವ ಮೊದಲೇ ಕತ್ತರಿಸುವ ವ್ಯವಸ್ಥೆ ನಾನೇ ಮಾಡಿಟ್ಟಿದ್ದೆ, ಶ್ರೀಕಾರಕ್ಕೆಂದು ಮಾಡಿದ್ದು ನಿಮ್ಮ ಮಾತನ್ನೂ ತಿಂದಿತು ಎಂದೆ.

ಅಪ್ಪ ಅಮ್ಮನಿಗೆ ಹೇಳಿದರು, "ಹಾಗೂ ಆಗ್ತದಾ ಕೇಳು ಅವಳ ಹತ್ತಿರ."

"ನೀವೇ ಬರೆದು ನೋಡಿ ಅಪ್ಪಾ. ಮೇಲೆ ಎಂತಾದ್ರೂ ಬರೀರಿ."

ಅಪ್ಪ ನಂಬುವವರಲ್ಲ, ಪರೀಕ್ಷಿಸುವವರು. ಕನ್ನಡಕ ಹಾಕಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ತುಂಬಾ ಹೊತ್ತು ಹಿಡಿಯಿತು. ಗುಂಡಿ ಒತ್ತಿ ಕೈ ತೆಗೆದರು. ನಾನು ಜಗಲಿಯ ಅಂಚಿನಲ್ಲಿಟ್ಟಿದ್ದ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಅವರು ಬಗ್ಗಿ ನೋಡಿದರು. ಅಲ್ಲಿ ಅಷ್ಟಮಿಯ ವಿಷಯ ಮಾತ್ರ ಇತ್ತು. ಮೇಲೆ ಬರೆದದ್ದು ಇರಲಿಲ್ಲ. ಅಪ್ಪ ಅದನ್ನು ನೋಡುತ್ತಲೇ ಇದ್ದರು. ಬೆರಳಿನಿಂದ ಪರದೆಯ ಮೇಲ್ಭಾಗವನ್ನು ಒಮ್ಮೆ ಸವರಿದರು.

"ಇದು ಯಾವತ್ತಿನಿಂದ ಅಂತ ಕೇಳು," ಎಂದರು. ಸ್ವರ ತಗ್ಗಿತ್ತು.

"ನಾನು ಹೋದ ಆರನೇ ದಿವಸದಿಂದ."

ಅಪ್ಪ ಕನ್ನಡಕ ತೆಗೆದರು. ಆಮೇಲೆ ಮಾತಾಡಿದರು. ಅಮ್ಮನ ಹತ್ತಿರ ಅಲ್ಲ, ನನ್ನ ಹತ್ತಿರ.

"ನಾನು ಮೊದಲು ಬರೆದದ್ದು ಒಂಬತ್ತನೇ ದಿವಸ."

ಒಂಬತ್ತನೆಯ ದಿನ. ಎರಡು ವರ್ಷ ನಾಲ್ಕು ತಿಂಗಳು ನಾನು ಕಾದ ಮಾತನ್ನು ಅಪ್ಪ ಒಂಬತ್ತನೆಯ ದಿನವೇ ಹೇಳಿ ಮುಗಿಸಿದ್ದರು.

"ಎಂತ ಬರೆದಿದ್ರಿ ಅಪ್ಪಾ?"

ಅವರು ಪಾಠ ಒಪ್ಪಿಸುವವರಂತೆ ಹೇಳಿದರು. "ಚಿರಂಜೀವಿ ಸೌಭಾಗ್ಯವತಿ ಅನಘಳಿಗೆ ಆಶೀರ್ವಾದಗಳು. ಆದಿತ್ಯವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಬನ್ನಿ." ಆಮೇಲೆ, "ಅಷ್ಟೇ. ಗುರುವಾರ ಬರೆದದ್ದು. ಶುಕ್ರವಾರ ಬೆಳಿಗ್ಗೆ ನೋಡಿದೆ, ಆ ಸಾಲು ಇಲ್ಲ. ಕೆಳಗೆ ನಾನು ನಕ್ಷತ್ರ ತಪ್ಪು ಬರೆದಿದ್ದೆ, ಅದನ್ನು ನೀನು ಸರಿ ಮಾಡಿದ್ದಿ. ಓದಿದ್ದಾಳೆ ಅಂತ ಆಯ್ತು."

ಸೌಭಾಗ್ಯವತಿ ಎಂದು ಬರೆದಿದ್ದರು. ಇಬ್ಬರೂ ಎಂದು ಬರೆದಿದ್ದರು. ನಾನು ಯಾವಾಗ ಮೇಲೆ ಬಂದೆನೋ ನನಗೆ ನೆನಪಿಲ್ಲ, ಅಪ್ಪನ ಕುರ್ಚಿಯ ಪಕ್ಕ ನೆಲದಲ್ಲಿ ಕೂತು ಅವರ ಮೊಣಕಾಲಿಗೆ ಹಣೆ ಇಟ್ಟು ಅಳುತ್ತಿದ್ದೆ. ಅವರ ಕೈ ನನ್ನ ತಲೆಯ ಹತ್ತಿರ ಬಂದು, ನಿಂತು, ಮತ್ತೆ ಬಂತು.

ಅಮ್ಮ ಬಾಗಿಲಲ್ಲಿ ನಿಂತೇ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ಆ ಆದಿತ್ಯವಾರ," ಎಂದಳು ನಿಧಾನಕ್ಕೆ. "ನೀವು ಎರಡು ಬಾಳೆಲೆ ಜಾಸ್ತಿ ತಂದಿದ್ರಿ. ಯಾಕೆ ಅಂತ ಕೇಳಿದ್ದಕ್ಕೆ, ಅಂಗಡಿಯವ ಕಟ್ಟು ಬಿಚ್ಚಲಿಲ್ಲ ಅಂತ ಹೇಳಿದ್ರಿ."

ಅಪ್ಪ ಕನ್ನಡಕ ಎತ್ತಿ ಒರೆಸತೊಡಗಿದರು.

"ಶುಕ್ರವಾರವೇ ನಿಮಗೆ ಗೊತ್ತಾಗಿತ್ತು ಅಲ್ವಾ ಅವಳು ಬರುವುದಿಲ್ಲ ಅಂತ? ಮತ್ತೆ ಎಲೆ ತಂದದ್ದು ಎಂತಕ್ಕೆ? ಎರಡೂವರೆ ಆದ್ರೂ ನನಗೆ ಬಡಿಸಲಿಕ್ಕೆ ಬಿಡಲಿಲ್ಲ. ಹಸಿವಿಲ್ಲ, ಹಸಿವಿಲ್ಲ ಅಂತ ಇಲ್ಲೇ ಜಗಲಿಯಲ್ಲಿ ಕೂತಿದ್ರಿ."

"ಹಸಿವಿರಲಿಲ್ಲ," ಎಂದರು ಅಪ್ಪ.